ಎಕಂಬಾ ತಲುಪದ ವಿಚಾರ ಸಂಕಿರಣಗಳು

ಪ್ರತಿ ವರ್ಷ ಜೂನ್ 5 ಬಂತೆಂದರೆ ನಾಡಿನ ಕಾಲೇಜುಗಳ ಅಂಗಳದಲ್ಲಿ ಗುಂಡಿ ತೋಡುವ ಕೆಲಸ ಆರಂಭವಾಗುತ್ತದೆ. ಅತಿಥಿಗಳು ಸಸಿ ನೆಡುತ್ತಾರೆ. ಬಳಿಕ ಸಭಾಂಗಣದಲ್ಲಿ ಹವಾಮಾನ ಬದಲಾವಣೆಯ ಕುರಿತು ಉಪನ್ಯಾಸ, ಶಾಲು, ಸ್ಮರಣಿಕೆ, ವಂದನಾರ್ಪಣೆ. ಛಾಯಾಚಿತ್ರಗಳು ವರದಿಯೊಂದಿಗೆ ಕಡತ ಸೇರುತ್ತವೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಮಿತಿಯು ಪರಿಸರ ಕಾಳಜಿಗೂ ಅಂಕ ನೀಡುವುದರಿಂದ ಇಂತಹ ಕಡತಗಳಿಗೆ ಬೆಲೆಯೂ ಇದೆ. ಆದರೆ ಸಸಿಗೆ ಬರುವ ಬೇಸಿಗೆಯಲ್ಲಿ ನೀರು ಹಾಕುವವರಾರು, ಉಪನ್ಯಾಸದ ಮಾತು ಯಾವ ಹಳ್ಳಿಯನ್ನು ಮುಟ್ಟಿತು ಎಂಬುದಕ್ಕೆ ಆ ಕಡತದಲ್ಲಿ ಕಲಮುಗಳಿರುವುದಿಲ್ಲ.

ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನಲ್ಲಿ ಎಕಂಬಾ ಎಂಬ ಊರಿದೆ. ಘಟ್ಟದ ಮಳೆ ಕಂಡು ಬೆಳೆದ ನಮ್ಮ ಓದುಗರಿಗೆ ಆ ಸೀಮೆ ದೂರದ್ದೆನಿಸಬಹುದು. ಔರಾದ್ ಪಟ್ಟಣವೇ ಬೀದರಿನಿಂದ ಸುಮಾರು 40 ಕಿ.ಮೀ. ಆಚೆ, ಮಹಾರಾಷ್ಟ್ರದ ಗಡಿಯ ಬದಿಯಲ್ಲಿದೆ. ತೊಗರಿ, ಉದ್ದು, ಹೆಸರು, ಸೋಯಾ, ಜೋಳ ಅಲ್ಲಿಯ ಮುಖ್ಯ ಬೆಳೆಗಳು. ಬದುಕು ಬಹುಮಟ್ಟಿಗೆ ಮಳೆಯನ್ನೇ ನಂಬಿದೆ. ಹವಾಮಾನದ ಏರುಪೇರನ್ನು ಆ ಜನ ಪುಸ್ತಕದಿಂದ ತಿಳಿಯಬೇಕಾಗಿಲ್ಲ. 2016ರ ಏಪ್ರಿಲ್‌ನಲ್ಲಿ ನೆರೆಯ ಲಾತೂರಿಗೆ ಮೀರಜ್‌ನಿಂದ ರೈಲಿನಲ್ಲಿ ಕುಡಿಯುವ ನೀರು ತರಬೇಕಾಯಿತು. ಲಾತೂರಿಗೆ ನೀರುಣಿಸುತ್ತಿದ್ದ ಜಲಾಶಯ ಬತ್ತಿದ್ದುದು ಮಾಂಜ್ರಾ ನದಿಯ ಮೇಲೆ; ಅದೇ ನದಿ ಮುಂದೆ ಬೀದರ್ ಜಿಲ್ಲೆಯನ್ನು ಹಾಯುತ್ತದೆ. 2025ರ ಆಗಸ್ಟ್‌ನಲ್ಲಿ ಅದೇ ಸೀಮೆಯಲ್ಲಿ ಅತಿವೃಷ್ಟಿಯಾಗಿ ಹೊಲಗಳಲ್ಲಿ ನೀರು ನಿಂತು, ಕೊಯ್ಲಿಗೆ ಬಂದಿದ್ದ ಹೆಸರು, ಉದ್ದು ಕೊಳೆತವು. ಹತ್ತು ವರ್ಷದೊಳಗೆ ಬರ, ನೆರೆ ಎರಡನ್ನೂ ಕಂಡ ರೈತನಿಗೆ ಹವಾಮಾನ ಬದಲಾಗುತ್ತಿದೆ ಎಂದಷ್ಟೇ ಹೇಳಿ ಕಳುಹಿಸಿದರೆ ಏನು ಉಪಯೋಗ? ಯಾವ ಬೀಜ, ಯಾವಾಗ ಬಿತ್ತನೆ, ನಿಂತ ನೀರಿಗೆ ದಾರಿ ಯಾವುದು, ಬತ್ತಿದ ಬಾವಿಗೆ ಉಪಾಯವೇನು ಎಂಬುದು ಅವನ ಪ್ರಶ್ನೆ.

ಈ ಜಿಲ್ಲೆಗೆ ವಿದ್ಯಾಕೇಂದ್ರಗಳ ಕೊರತೆ ಇದೆಯೆಂದು ಹೇಳುವಂತಿಲ್ಲ. ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಎರಡು ದಶಕಗಳಿಂದ ಬೀದರಿನಲ್ಲಿದೆ. ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಯಲ್ಲಿ, ಹಿಂದೆ ಗುಲಬರ್ಗಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿದ್ದಲ್ಲಿ, 2023ರಿಂದ ಬೀದರ್ ವಿಶ್ವವಿದ್ಯಾಲಯ ನಡೆಯುತ್ತಿದೆ. ಸರ್ವೋಚ್ಚ ನ್ಯಾಯಾಲಯದ ಆದೇಶದ ಫಲವಾಗಿ ಪದವಿ ತರಗತಿಗಳಲ್ಲಿ ಪರಿಸರ ಅಧ್ಯಯನ ಕಡ್ಡಾಯವಾಗಿಯೂ ಎರಡು ದಶಕಗಳಾದವು. ಜ್ಞಾನವಿದೆ, ಯುವಜನರಿದ್ದಾರೆ, ಪಕ್ಕದಲ್ಲೇ ಸಮಸ್ಯೆಯೂ ಇದೆ. ಮೂರೂ ಒಂದೆಡೆ ಕೂಡುವ ಸಂದರ್ಭಗಳು ಮಾತ್ರ ವಿರಳ.

ವಿರಳವೆಂದ ಮಾತ್ರಕ್ಕೆ ಇಲ್ಲವೆಂದಲ್ಲ. 2020ರ ಫೆಬ್ರುವರಿಯಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಆವರಣದಲ್ಲಿ ರಾಜ್ಯಮಟ್ಟದ ಪಶುಮೇಳ ನಡೆಯಿತು. ಅಂತಹ ಮೇಳಕ್ಕೆ ರೈತ ಬರುವುದು ದನದ ಸಲುವಾಗಿ. ಬಂದವನು ಮೇವು, ರೋಗ, ತಳಿಯ ಬಗ್ಗೆ ನಾಲ್ಕು ಮಾತು ಕೇಳುತ್ತಾನೆ, ತನ್ನ ಎರಡು ಮಾತು ಹೇಳುತ್ತಾನೆ. ಈ ಭಾಗದ ದೇವಣಿ ತಳಿ ಹಾಲಿಗೂ ಬೇಸಾಯಕ್ಕೂ ಒದಗುವಂಥದು, ಬಿಸಿಲು ತಾಳುವಂಥದು. ಬಿಸಿಯೇರುತ್ತಿರುವ ಕಾಲದಲ್ಲಿ ಆ ತಳಿಯನ್ನು ಉಳಿಸಿಕೊಳ್ಳುವುದೇ ಒಂದು ಹವಾಮಾನ ಕಾರ್ಯಕ್ರಮ. ಅದಕ್ಕೆ ಬೇರೆ ಫಲಕ ಬೇಕಿಲ್ಲ.

ಬೀದರಿನ ನೌಬಾದ್‌ನ ಸುರಂಗ ಬಾವಿ ಇನ್ನೊಂದು ಉದಾಹರಣೆ. ಬಹಮನಿ ಅರಸರ ಕಾಲದಲ್ಲಿ ಜಂಬಿಟ್ಟಿಗೆಯನ್ನು ಕೊರೆದು, ಅಂತರ್ಜಲ ತಾನಾಗಿ ಹರಿದುಬರುವಂತೆ ಮಾಡಿದ ಈ ಕಾಲುವೆ ಹೂಳು ತುಂಬಿ ಮರೆತೇಹೋಗಿತ್ತು. ಕಳೆದ ದಶಕದಲ್ಲಿ ಭೂಗೋಳ ತಜ್ಞರು ಅದರ ಜಾಡು ಹಿಡಿದರು, ಜಿಲ್ಲಾಡಳಿತ ಹೂಳು ತೆಗೆಸಿತು, ನೀರು ಮತ್ತೆ ಕಾಣಿಸಿತು. ವಿದ್ವತ್ತು ನೆಲಕ್ಕಿಳಿದರೆ ಏನಾಗಬಲ್ಲದು ಎಂಬುದನ್ನು ಆ ಬಾವಿಯ ಬಾಯಲ್ಲಿ ನಿಂತು ನೋಡಬಹುದು.

ಮಲೆನಾಡಿನ ನಮಗೆ ಇದಕ್ಕಿಂತ ದೊಡ್ಡ ಪಾಠ ಮನೆಯಂಗಳದಲ್ಲೇ ಇದೆ. ಬೇಡ್ತಿ ಜಲವಿದ್ಯುತ್ ಯೋಜನೆಯ ಕಾಲದಲ್ಲಿ, 1981ರ ಜನವರಿಯಲ್ಲಿ, ಶಿರಸಿಯಲ್ಲಿ ಒಂದು ವಿಚಾರ ಸಂಕಿರಣ ನಡೆಯಿತು. ಅದನ್ನು ಏರ್ಪಡಿಸಿದ್ದು ವಿಶ್ವವಿದ್ಯಾಲಯವಲ್ಲ, ಅಡಿಕೆ ಬೆಳೆಗಾರರ ತೋಟಗಾರ್ಸ್ ಸಹಕಾರಿ ಸಂಘ. ಮುಳುಗಲಿರುವ ತೋಟ, ಕಾಡುಗಳ ಲೆಕ್ಕ ಯೋಜನೆಯ ಕಾಗದದಲ್ಲಿ ಸರಿಯಾಗಿ ಸೇರಿದೆಯೇ ಎಂಬ ಪ್ರಶ್ನೆ ಬೆಳೆಗಾರರದಾಗಿತ್ತು. ವಿಜ್ಞಾನಿಗಳು, ಅರ್ಥಶಾಸ್ತ್ರಜ್ಞರು ಬಂದು ಲೆಕ್ಕ ಪರಿಶೀಲಿಸಿದರು. ಯೋಜನೆ ಕೈಬಿಡಲ್ಪಟ್ಟಿತು. ಪ್ರಶ್ನೆ ಊರಿನದಾಗಿದ್ದುದರಿಂದ ಆ ಸಭೆಗೆ ಬಲ ಬಂದಿತು. ಇಂದಿನ ಸಂಕಿರಣಗಳಲ್ಲಿ ವಿಷಯವೂ ಉತ್ತರವೂ ಮೊದಲೇ ಮುದ್ರಿತವಾಗಿ ಬರುತ್ತವೆ. ಊರಿನವರಿಗೆ ಉಳಿಯುವುದು ಕುರ್ಚಿ ತುಂಬುವ ಕೆಲಸ.

ಹೊಸ ವಿಶ್ವವಿದ್ಯಾಲಯಗಳಿಗೆ ಹಣವಿಲ್ಲ, ಅಧ್ಯಾಪಕರಿಲ್ಲ, ಹಳ್ಳಿಗಳನ್ನು ಸುತ್ತಲು ಪುರುಸೊತ್ತಿಲ್ಲ ಎಂಬ ಮಾತು ಕೇಳಿಬರುತ್ತದೆ. ಕೊರತೆ ನಿಜ. ಆದರೆ 2025ರಲ್ಲಿ ಸಂಪುಟ ಉಪಸಮಿತಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಲು ಸಲಹೆ ಮಾಡಿದ್ದನ್ನೂ ನೆನೆಯಬೇಕು. ಆ ಪಟ್ಟಿಯಲ್ಲಿ ಬೀದರ್ ಇರಲಿಲ್ಲ. ಮುಂದೊಂದು ದಿನ ಅಂತಹ ಪಟ್ಟಿಗೆ ಸೇರಿದರೆ ಅದರ ಪರವಾಗಿ ನಿಲ್ಲುವವರು ಯಾರು? ತಮ್ಮ ಬಾವಿಯ ನೀರನ್ನು ಒಮ್ಮೆಯಾದರೂ ಪರೀಕ್ಷಿಸಿ ಫಲಿತಾಂಶ ತಿಳಿಸಿದ ಸಂಸ್ಥೆಯ ಪರವಾಗಿ ಊರು ನಿಲ್ಲುತ್ತದೆ. ಹೆಸರು ಕೇಳಿ ಮಾತ್ರ ಗೊತ್ತಿರುವ ಸಂಸ್ಥೆಗಾಗಿ ಯಾರು ಬೀದಿಗಿಳಿದಾರು?

ಮಾಡಬೇಕಾದುದಕ್ಕೆ ಹೆಚ್ಚಿನ ಹಣ ಬೇಕಿಲ್ಲ. ಎಕಂಬಾದಂತಹ ಊರಿನಲ್ಲಿ ಒಂದು ಮಳೆಮಾಪಕವಿಟ್ಟು, ಹತ್ತು ಬಾವಿಗಳ ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ಅಳೆದು, ಪಂಚಾಯಿತಿಯ ಗೋಡೆಯ ಮೇಲೆ ಬರೆಯುವ ಕೆಲಸವನ್ನು ಪರಿಸರ ಅಧ್ಯಯನದ ವಿದ್ಯಾರ್ಥಿಗಳಿಗೆ ಒಪ್ಪಿಸಬಹುದು. ಐದು ವರ್ಷ ನಡೆದರೆ ಆ ಗೋಡೆಯೇ ಒಂದು ಸಂಶೋಧನಾ ಪ್ರಬಂಧವಾಗುತ್ತದೆ. ಸಭೆಯನ್ನು ಬಿತ್ತನೆಯ ಗಡಿಬಿಡಿಯ ಜೂನ್‌ನಲ್ಲಿ ನಡೆಸುವ ಬದಲು, ರೈತರೆಲ್ಲ ಹೊಲದಲ್ಲಿ ಕೂಡಿ ಉಣ್ಣುವ ಎಳ್ಳ ಅಮಾವಾಸ್ಯೆಯ ಆಸುಪಾಸಿನಲ್ಲಿ ಊರಿನಲ್ಲೇ ನಡೆಸಬಹುದು. ಮಾತು ಕನ್ನಡದಲ್ಲಿರಲಿ, ಗಡಿಯ ಊರಾದ್ದರಿಂದ ಮರಾಠಿ, ಉರ್ದು, ಲಂಬಾಣಿ ನುಡಿಗಳಿಗೂ ಎಡೆಯಿರಲಿ. ಕೈಯಿಂದ ಬಾವಿ ನೀರು ಸೇದುವ, ಕಳೆ ತೆಗೆಯುವ ಹೆಂಗಸರು ಹಿಂದಿನ ಸಾಲಿನಲ್ಲಿ ಕುಳಿತು ಕೇಳುವವರಾಗದೆ ಮೊದಲು ಮಾತನಾಡುವವರಾಗಲಿ. ಸಾಮಾಜಿಕ ನ್ಯಾಯವೆಂದು ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗುವುದು ಹಾಗಾದಾಗ ಅರ್ಥ ಪಡೆಯುತ್ತದೆ.

ವಿದ್ಯಾರ್ಥಿ ಮಿತ್ರರಲ್ಲಿ ಒಂದು ವಿನಂತಿ. ನಿಮ್ಮ ಕಾಲೇಜಿನಲ್ಲಿ ಮುಂದಿನ ಪರಿಸರ ಕಾರ್ಯಕ್ರಮದ ಸಿದ್ಧತೆ ನಡೆಯುವಾಗ, ಇದರ ಪ್ರಶ್ನೆ ಯಾವ ಊರಿನದು, ಉತ್ತರ ಯಾವಾಗ ಆ ಊರಿಗೆ ಮರಳುತ್ತದೆ ಎಂದು ಕೇಳಿರಿ. ಹಳ್ಳಿಯ ಹಿರಿಯರಲ್ಲಿಯೂ ಇನ್ನೊಂದು: ಆಹ್ವಾನ ಬರಲಿ ಎಂದು ಕಾಯಬೇಡಿರಿ. ಗ್ರಾಮಸಭೆಯಲ್ಲಿ ನಿಮ್ಮ ಪ್ರಶ್ನೆಯನ್ನು ಬರೆದು ಠರಾವು ಮಾಡಿ, ಸಮೀಪದ ವಿಶ್ವವಿದ್ಯಾಲಯದ ಕುಲಸಚಿವರಿಗೆ ಕಳುಹಿಸಿರಿ. ನಲವತ್ತು ವರ್ಷಗಳ ಹಿಂದೆ ಶಿರಸಿಯ ಬೆಳೆಗಾರರು ತಜ್ಞರನ್ನು ಕರೆಸಿಕೊಂಡದ್ದು ಸಾಧ್ಯವಾಗಿದ್ದರೆ, ಇಂದು ಎಕಂಬಾದ ರೈತರಿಗೂ ಅದು ಸಾಧ್ಯ.