ಬಫಲ್ ಕಿತ್ತವರ ಬೊಬ್ಬೆ

ಮೈಸೂರಿನಲ್ಲಿ ರಾತ್ರಿ ಹತ್ತು ಹೊಡೆದ ಮೇಲೆ ಗುಂಡು ಹಾರಿದಂಥ ಸದ್ದು ಕೇಳಿದರೆ ಈಗ ಯಾರೂ ಗಾಬರಿಯಾಗಿ ಬಾಗಿಲು ತೆಗೆದು ನೋಡುವುದಿಲ್ಲ. ಯಾವನೋ ಹುಡುಗ ಓಡುತ್ತಿರುವ ಬೈಕಿನ ಸ್ವಿಚ್ ಆಫ್ ಮಾಡಿ ಆನ್ ಮಾಡಿದ ಅಂತ ಗೊಣಗಿಕೊಂಡು ಮಗ್ಗುಲು ಬದಲಾಯಿಸುತ್ತಾರೆ. ಹಾಗೆ ಮಗ್ಗುಲು ಬದಲಾಯಿಸಲೂ ಆಗದವರು ಕೆ.ಆರ್. ಆಸ್ಪತ್ರೆಯಲ್ಲಿದ್ದಾರೆ. ಚೆಲುವಾಂಬ ಆಸ್ಪತ್ರೆಯಲ್ಲಿ ಆಗತಾನೇ ಹೆತ್ತ ಬಾಣಂತಿಯರಿದ್ದಾರೆ, ಕಣ್ಣು ಬಿಡದ ಕೂಸುಗಳಿವೆ. ಆಸ್ಪತ್ರೆಯ ಸುತ್ತ ನೂರು ಮೀಟರು ನಿಶ್ಶಬ್ದ ವಲಯವಾಗಬೇಕು, ಅಲ್ಲಿ ರಾತ್ರಿ ಹೊತ್ತು ಸದ್ದು 40 ಡೆಸಿಬಲ್ ಮೀರಬಾರದು ಎಂದು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳು ಹೇಳುತ್ತವೆ. ನಲವತ್ತು ಎಂದರೆ ಲೈಬ್ರರಿಯೊಳಗಿನ ಪಿಸುಮಾತು! ಬಫಲ್ ಕಿತ್ತ ಬೈಕಿನವನಿಗೆ ಈ ಲೆಕ್ಕ ಹೇಳಿದರೆ ನಕ್ಕಾನು.

ಆ ಹುಡುಗನನ್ನು ನಿಲ್ಲಿಸಿ ಕೇಳಿ. "ಸೌಂಡಿಗಲ್ಲ ಸಾರ್, ಪಿಕಪ್ಪಿಗೆ" ಅಂತಾನೆ. ಬಫಲ್ ಇದ್ದರೆ ಬ್ಯಾಕ್ ಪ್ರೆಷರ್ ಆಗಿ ಎಂಜಿನ್ನಿಗೆ ಉಸಿರು ಕಟ್ಟುತ್ತಂತೆ. ಅವನ ಅಪ್ಪನ ಕಾಲದ ಬುಲೆಟ್ ಸವಾರರನ್ನು ಕೇಳಿದರೆ ತದ್ವಿರುದ್ಧ. ಬ್ಯಾಕ್ ಪ್ರೆಷರ್ ಇರಲೇಬೇಕು, ಇಲ್ಲದಿದ್ದರೆ ಎಂಜಿನ್ ಕೆಟ್ಟುಹೋಗುತ್ತೆ ಅಂತಾರೆ. ಇಬ್ಬರೂ ಅರ್ಧ ಸತ್ಯ ಹಿಡಿದುಕೊಂಡು ಜಗಳಕ್ಕೆ ನಿಂತಿದ್ದಾರೆ. ಈ ಜಗಳ ಬೇರೆ ಊರಿನಲ್ಲಿ ನಡೆದಿದ್ದರೆ ಸುಮ್ಮನಿರಬಹುದಿತ್ತು. 1961ರಿಂದ 1996ರ ತನಕ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಜಾವಾ, ಆಮೇಲೆ ಯೆಜ್ಡಿ ಬೈಕು ಮಾಡಿ ದೇಶಕ್ಕೆಲ್ಲ ಕಳಿಸಿದ ಊರು ನಮ್ಮದು. ಇಲ್ಲಿನವರಿಗೆ ಸೈಲೆನ್ಸರಿನ ಗುಟ್ಟು ಗೊತ್ತಿರಬೇಡವೇ?

ಬ್ಯಾಕ್ ಪ್ರೆಷರ್ ಎಂದರೆ ಬೇರೇನಲ್ಲ. ಜಂಬೂಸವಾರಿ ಮುಗಿದ ಮೇಲೆ ಜನ ಒಂದೇ ಗೇಟಿನಿಂದ ಹೊರಬರುವಾಗ ಮುಂದಿನವರು ನಿಂತರೆ ಹಿಂದಿನವರ ಪಕ್ಕೆ ನುಜ್ಜಾಗುತ್ತದಲ್ಲ, ಅದೇ. ಸುಟ್ಟ ಹೊಗೆ ಸಲೀಸಾಗಿ ಹೊರಗೆ ಹೋಗದೆ ಎಂಜಿನ್ನಿನ ಕಡೆಗೇ ಒತ್ತುವುದು. ಇದರಿಂದ ಎಂಜಿನ್ನಿಗೆ ಒಂದು ಪೈಸೆಯ ಲಾಭವೂ ಇಲ್ಲ. ಹೊಗೆಯನ್ನು ಹೊರದಬ್ಬಲು ಪಿಸ್ಟನ್ ವೃಥಾ ದುಡಿಯಬೇಕಾಗುತ್ತದೆ. ಹಾಗಾದರೆ ಹುಡುಗ ಹೇಳಿದ್ದೇ ಸರಿಯಾಯಿತಲ್ಲ ಎಂದೀರಿ. ಸ್ವಲ್ಪ ತಾಳಿ.

ಹೊಗೆ ಬರೀ ನೀರಿನಂತೆ ಹರಿದು ಹೋಗುವುದಿಲ್ಲ. ಪ್ರತಿ ಸಲ ಎಂಜಿನ್ ಉಗುಳಿದಾಗ ಒತ್ತಡದ ಒಂದು ಅಲೆ ಪೈಪಿನೊಳಗೆ ಓಡುತ್ತದೆ. ಬಾವಿಗೆ ಬಗ್ಗಿ ಕೂಗಿದರೆ ದನಿ ಹಿಂದಕ್ಕೆ ಬರುವಂತೆ ಈ ಅಲೆಯೂ ಹಿಂದಿರುಗುತ್ತದೆ. ಪೈಪು ಅಗಲವಾಗುವ ಕಡೆಯಿಂದ ಹಿಂದಿರುಗಿದರೆ ಹೀರುವ ಅಲೆ, ಕಿರಿದಾಗುವ ಕಡೆಯಿಂದ ಹಿಂದಿರುಗಿದರೆ ತಳ್ಳುವ ಅಲೆ. ಯಾವುದು ಯಾವ ಗಳಿಗೆಯಲ್ಲಿ ಬಾಗಿಲಿಗೆ ಬಂದು ತಟ್ಟಬೇಕು ಎಂದು ಲೆಕ್ಕ ಹಾಕಿಯೇ ಕಾರ್ಖಾನೆಯವರು ಪೈಪಿನ ಉದ್ದ, ಡಬ್ಬದ ಗಾತ್ರ, ಬಫಲಿನ ತೂತು ಗೊತ್ತುಮಾಡಿರುತ್ತಾರೆ. ಎಂಜಿನ್ನಿಗೆ ಬೇಕಾದ್ದು ಈ ತಾಳ. ಹಳಬರು ಬ್ಯಾಕ್ ಪ್ರೆಷರ್ ಬೇಕು ಎನ್ನುವಾಗ ಅವರ ಮನಸ್ಸಿನಲ್ಲಿರುವುದೂ ಇದೇ, ಹೆಸರು ಮಾತ್ರ ತಪ್ಪು.

ಟೂ ಸ್ಟ್ರೋಕ್ ಗಾಡಿಯಲ್ಲಂತೂ ಈ ತಾಳವೇ ಜೀವಾಳ. ಅದರಲ್ಲಿ ವಾಲ್ವ್ ಇಲ್ಲ. ಹೊಗೆ ಹೋಗುವ ಪೋರ್ಟೂ ಹೊಸ ಪೆಟ್ರೋಲ್ ಗಾಳಿ ಬರುವ ಪೋರ್ಟೂ ಸ್ವಲ್ಪ ಹೊತ್ತು ಒಟ್ಟಿಗೇ ತೆರೆದಿರುತ್ತವೆ. ಸುಮ್ಮನೆ ಬಿಟ್ಟರೆ ಹೊಸದೂ ಹೊಗೆಯ ಹಿಂದೆಯೇ ಓಡಿಹೋಗುತ್ತದೆ. ಮೊದಲು ಹೀರುವ ಅಲೆ ಬಂದು ಹೊಗೆಯನ್ನೆಲ್ಲ ಎಳೆದುಕೊಳ್ಳಬೇಕು, ಪೋರ್ಟ್ ಮುಚ್ಚುವ ಮುಂಚೆ ತಳ್ಳುವ ಅಲೆ ಬಂದು ಓಡಿಹೋಗುತ್ತಿದ್ದ ಪೆಟ್ರೋಲನ್ನು ಕತ್ತು ಹಿಡಿದು ಒಳಗೆ ನೂಕಬೇಕು. ಇದನ್ನು ಅರೆದು ಕುಡಿದವನು ಪೂರ್ವ ಜರ್ಮನಿಯ ಎಂಜೆಡ್ ಕಂಪನಿಯ ವಾಲ್ಟರ್ ಕಾಡೆನ್. ಹೊಟ್ಟೆ ಉಬ್ಬಿ ಬಾಲ ಸಣ್ಣಗಾದ ಪೈಪನ್ನು ತಿದ್ದಿ ತಿದ್ದಿ 1961ರ ಹೊತ್ತಿಗೆ 125 ಸಿಸಿಯ ಪುಟ್ಟ ಎಂಜಿನ್ನಿನಿಂದ 25 ಕುದುರೆ ಶಕ್ತಿ ತೆಗೆದ. ಅದೇ ವರ್ಷ ಅವನ ಸವಾರ ಅರ್ನ್ಸ್ಟ್ ಡೆಗ್ನರ್ ಸ್ವೀಡನ್ನಿನ ರೇಸಿಗೆ ಹೋದವನು ಹಿಂದಿರುಗಲೇ ಇಲ್ಲ. ಗುಟ್ಟು ಹೊತ್ತುಕೊಂಡು ಸುಜುಕಿ ಸೇರಿದ! ದೇಶ ಬಿಟ್ಟು ಓಡುವಷ್ಟು ಬೆಲೆಯಿದ್ದ ವಿದ್ಯೆ ಅದು. ನಮ್ಮಲ್ಲಿ ಆರ್‌ಎಕ್ಸ್ 100ರ ಹುಡುಗ ಸ್ಪ್ಯಾನರ್ ಹಿಡಿದು ಹತ್ತು ನಿಮಿಷದಲ್ಲಿ ಅದನ್ನು ಚರಂಡಿಗೆ ಎಸೆಯುತ್ತಾನೆ.

ಹಾಗಾದರೆ ಬಫಲ್ ಕಿತ್ತರೆ ಪಿಕಪ್ ಬಂತು ಎನ್ನುವ ಮಾತು ಹುಟ್ಟಿದ್ದು ಎಲ್ಲಿ? ನಮ್ಮ ಯೆಜ್ಡಿಯಲ್ಲೇ ಹುಡುಕಬಹುದು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಕಿಕ್ಕರಿಗೂ ಗೇರಿಗೂ ಒಂದೇ ಲಿವರ್, ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಗಾಡಿ. ಆಯಿಲ್ ಸುಟ್ಟ ಮಸಿ ಬಫಲಿನ ತೂತುಗಳಲ್ಲಿ ಕೂತು ಕೂತು ಕೊನೆಗೆ ನಿಜವಾಗಿಯೂ ಉಸಿರು ಕಟ್ಟುತ್ತಿತ್ತು. ಗಾಡಿ ಚಾಮುಂಡಿ ಬೆಟ್ಟ ಏರಲು ಒಲ್ಲೆ ಅನ್ನುತ್ತಿತ್ತು. ಮೆಕ್ಯಾನಿಕ್ ಬಫಲ್ ಎಳೆದು ಬೆಂಕಿಗೆ ಹಿಡಿದು ಕಾರ್ಬನ್ ಸುಟ್ಟು, ತಟ್ಟಿ, ಮತ್ತೆ ಹಾಕಿಕೊಡುತ್ತಿದ್ದ. ಮತ್ತೆ ಹಾಕುವುದನ್ನು ಬಿಟ್ಟವರೂ ಇದ್ದರು. ಕಟ್ಟಿದ್ದ ಮಸಿ ಹೋಗಿ ಗಾಡಿ ಓಡಿತು. ಹೆಸರು ಬಂದದ್ದು ಬಫಲ್ ಕಿತ್ತದ್ದಕ್ಕೆ. ಮೂಗು ಕಟ್ಟಿದೆ ಅಂತ ಮೂಗನ್ನೇ ಕೊಯ್ದ ಹಾಗೆ!

ಬುಲೆಟ್ಟಿನಂಥ ಫೋರ್ ಸ್ಟ್ರೋಕಿನ ಕಥೆ ಸ್ವಲ್ಪ ಬೇರೆ. ಪೈಪು ಬರಿದಾದರೆ ಮೇಲಿನ ಸ್ಪೀಡಿನಲ್ಲಿ ಚೂರು ಶಕ್ತಿ ಸಿಕ್ಕರೂ ಸಿಗಬಹುದು, ಸುಳ್ಳೇಕೆ ಹೇಳೋಣ. ಆದರೆ ಕಾರ್ಬುರೇಟರಿನ ಜೆಟ್ಟು ಹಳೇ ಸೈಲೆನ್ಸರಿಗೆ ತಕ್ಕಂತೆ ಇಟ್ಟದ್ದು. ಪೈಪು ಬದಲಾದರೆ ಗಾಳಿ ಹೆಚ್ಚಾಗಿ ಪೆಟ್ರೋಲ್ ಕಮ್ಮಿಯಾಗುತ್ತದೆ, ಎಂಜಿನ್ ಕಾಯುತ್ತದೆ, ಪ್ಲಗ್ಗು ಬೆಳ್ಳಗಾಗುತ್ತದೆ. ಟೂ ಸ್ಟ್ರೋಕಾದರೆ ಪಿಸ್ಟನ್ ಸೀಜ್ ಆಗಿ ನಡುರಸ್ತೆಯಲ್ಲಿ ಚಕ್ರ ಕಚ್ಚಿಕೊಂಡರೂ ಕಚ್ಚಿಕೊಂಡಿತು. ಊರೊಳಗೆ ಓಡಿಸುವ ಕೆಳಗಿನ ಸ್ಪೀಡಿನಲ್ಲಿ ಎಳೆತ ಕಮ್ಮಿ. 2020ರ ಏಪ್ರಿಲಿನಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಹೊಗೆ ಶುದ್ಧಮಾಡುವ ಕನ್ವರ್ಟರೂ ಆ ಪೈಪಿನ ಸಾಲಿನಲ್ಲೇ ಇರುತ್ತದೆ. ಪೂರ್ತಿ ಪೈಪು ಬದಲಿಸಿದರೆ ಅದೂ ಗುಜರಿಗೆ. ಸದ್ದಂತೂ ಜಾಸ್ತಿ, ಅದರಲ್ಲಿ ಮೋಸವಿಲ್ಲ. ಹತ್ತು ಡೆಸಿಬಲ್ ಏರಿದರೆ ಕಿವಿಗೆ ಎರಡರಷ್ಟು ಕೇಳುತ್ತದೆ. ಕಿವಿ ತುಂಬಿದಾಗ ಗಾಡಿ ಹಾರಿದಂತೆ ಭಾಸವಾಗುತ್ತದೆ, ಅಷ್ಟೇ. ಆ ಗುಂಡಿನ ಸದ್ದೋ, ಸ್ವಿಚ್ ಆಫ್ ಮಾಡಿದಾಗ ಸುಡದೆ ಪೈಪಿಗೆ ಹೋದ ಪೆಟ್ರೋಲು ಕಾದ ಕಡೆ ಹತ್ತಿಕೊಂಡು ಸಿಡಿಯುವುದು. ಪೆಟ್ರೋಲಿನ ಈಗಿನ ರೇಟಿನಲ್ಲಿ ಇದು ದೀಪಾವಳಿಗಿಂತ ದುಬಾರಿ ಪಟಾಕಿ.

ಇನ್ನು ಕಾನೂನು. ಸೈಲೆನ್ಸರ್ ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮ ಹೇಳುತ್ತದೆ. 2019ರ ತಿದ್ದುಪಡಿಯಾದ ಮೇಲೆ ಶಬ್ದದ ಮಿತಿ ಮೀರಿದವನಿಗೆ ಹತ್ತು ಸಾವಿರದವರೆಗೆ ದಂಡ, ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ. ಗಾಡಿ ಮಾರ್ಪಾಡು ಮಾಡಿದ ಮಾಲೀಕನಿಗೆ ಬೇರೆ ಶಿಕ್ಷೆ. ಕಾಗದದ ಮೇಲೆ ಹುಲಿ! ರಸ್ತೆಯ ಮೇಲೆ? ಆಗೊಮ್ಮೆ ಈಗೊಮ್ಮೆ ಕಾರ್ಯಾಚರಣೆ, ಕಿತ್ತ ಸೈಲೆನ್ಸರುಗಳನ್ನು ಸಾಲಾಗಿ ಮಲಗಿಸಿ ರೋಡ್ ರೋಲರ್ ಹರಿಸುವುದು, ಫೋಟೋ. ರೋಲರ್ ಹರಿಸುವ ದೃಶ್ಯ ನಮಗೂ ಖುಷಿಯೇ. ಆದರೆ ವಾರ ಕಳೆಯುವುದರೊಳಗೆ ಅದೇ ಹುಡುಗ ಅದೇ ಅಂಗಡಿಯಲ್ಲಿ ಇನ್ನೊಂದು ಕೊಳ್ಳಬಹುದಲ್ಲ? "ರೇಸಿಗೆ ಮಾತ್ರ" ಎಂದು ಅಚ್ಚು ಹಾಕಿದ ಪೈಪನ್ನು ರೇಸ್ ಟ್ರಾಕ್ ಇಲ್ಲದ ಊರಿನಲ್ಲಿ ಯಾರಿಗೆ ಮಾರುತ್ತಾರೆ ಎಂದು ಯಾರೂ ಕೇಳುವುದಿಲ್ಲ. ಬಾಲದಲ್ಲಿ ಸಿಕ್ಕಿಸುವ ತುಂಡು ಬಫಲನ್ನು ಪೊಲೀಸರು ಕಂಡಾಗ ಹಾಕಿ, ದಾಟಿದ ಮೇಲೆ ತೆಗೆದು ಜೇಬಿಗಿಡುವ ಜಾಣರೂ ಇದ್ದಾರೆ.

ಇನ್ನೊಂದು ಅನ್ಯಾಯವನ್ನೂ ಹೇಳಬೇಕು. 175 ಸಿಸಿ ಮೇಲ್ಪಟ್ಟ ಬೈಕಿಗೆ ಈಗಿನ ಮಿತಿ 80 ಡೆಸಿಬಲ್. ಆದರೆ ಅದು ಹೊಸ ಗಾಡಿಯನ್ನು ಪರೀಕ್ಷಾ ಮೈದಾನದಲ್ಲಿ ಓಡಿಸಿ, ಏಳೂವರೆ ಮೀಟರು ದೂರದ ಮೈಕಿನಲ್ಲಿ ಅಳೆಯುವ ಲೆಕ್ಕ. ಸರ್ಕಲ್ಲಿನಲ್ಲಿ ನಿಂತು ಕಿವಿಯ ಅಂದಾಜಿನ ಮೇಲೆ ರಸೀತಿ ಹರಿದರೆ ಪೆಟ್ಟು ಬೀಳುವುದು ಯಾರಿಗೆ? ಅಪ್ಪನ ಕಾಲದ ಯೆಜ್ಡಿಯನ್ನು ಬಫಲ್ ಸಮೇತ ಜೋಪಾನ ಮಾಡಿ ಬೆಳಿಗ್ಗೆ ಹಾಲಿಗೆ ಹೋಗುವವನಿಗೆ. ಅದರ ಡಬ್ ಡಬ್ ಹುಟ್ಟುಗುಣ, ಕಿತ್ತು ಬಂದದ್ದಲ್ಲ. ಜುಲೈ ಎರಡನೇ ಭಾನುವಾರ ಜಾವಾ ದಿನವೆಂದು ಹಳೇ ಗಾಡಿಗಳು ಸಾಲಾಗಿ ಹೊರಡುವುದನ್ನು ಊರು ನಿಂತು ನೋಡುತ್ತದೆ. ಅವರನ್ನೂ ಈ ಪಟಾಕಿ ಹುಡುಗರನ್ನೂ ಒಂದೇ ತಕ್ಕಡಿಗೆ ಹಾಕುವುದು ಬೇಡ. ಬಾಲದೊಳಗೆ ಟಾರ್ಚ್ ಬಿಟ್ಟು ನೋಡಿದರೆ ಬಫಲ್ ಇದೆಯೋ ಇಲ್ಲವೋ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತೆ. ಬೇಕಾದರೆ ಯಾದವಗಿರಿಯಲ್ಲಿ ದುಡಿದ ಹಳೇ ಕೈಗಳನ್ನು ಒಂದು ದಿನ ಕರೆಸಿ ಪೇದೆಗಳಿಗೆ ತೋರಿಸಿಕೊಡಿ. ಕಾರ್ಖಾನೆ ಮುಚ್ಚಿದರೂ ವಿದ್ಯೆ ಇನ್ನೂ ಊರಿನಲ್ಲಿದೆ.

ಪೊಲೀಸ್ ಕಮಿಷನರ್ ಸಾಹೇಬರಲ್ಲಿ ನಮ್ಮ ಕೋರಿಕೆ ದೊಡ್ಡದಲ್ಲ. ಆಸ್ಪತ್ರೆಗಳ ನೂರು ಮೀಟರಿನೊಳಗೆ ರಾತ್ರಿ ಹತ್ತರ ಮೇಲೆ ಟಾರ್ಚ್ ಹಿಡಿದ ಇಬ್ಬರು ನಿಲ್ಲಲಿ, ಒಂದು ವಾರವಲ್ಲ, ದಿನಾ. ಆರ್‌ಟಿಓ ಸಾಹೇಬರು ಜೊತೆಗೆ ಬಂದು, ಪೈಪು ಮಾರುವ ಅಂಗಡಿಗಳ ಬಿಲ್ ಪುಸ್ತಕ ತೆರೆಸಲಿ. ರೋಡ್ ರೋಲರಿಗೆ ಹಾಕುವ ಡೀಸೆಲ್ಲಾದರೂ ಉಳಿಯುತ್ತದೆ.