ಹೂವಿನ ಬುಟ್ಟಿಗೂ ಮನೆಮಂದಿಗೂ ಒಂದೇ ಗಾಡಿ

ಹಡಗಲಿ ಸೀಮೆಯಲ್ಲಿ ಈಗ ಎಲ್ಲಿ ನಾಲ್ಕು ಮಂದಿ ಕೂತರೂ ಮಾತು ಹಳೆಯ ವ್ಯಾನಿನ ಕಡೆಗೆ ಹೊರಳುತ್ತದೆ. ಅರ್ಧ ಎಕರೆ ಮಲ್ಲಿಗೆ ಇಟ್ಟವನು, ಎರಡೆಕರೆ ಈರುಳ್ಳಿ ಹಾಕಿದವನು, ಊರ ಬಾಗಿಲಲ್ಲಿ ಕಿರಾಣಿ ಅಂಗಡಿ ತೆರೆದವನು, ಎಲ್ಲರಿಗೂ ಒಂದೇ ಪ್ರಶ್ನೆ: ಕೈಯಲ್ಲಿರುವ ಅಷ್ಟಿಷ್ಟು ಹಣಕ್ಕೆ ಮಾಲೂ ಹೊರಬೇಕು, ಮನೆಮಂದಿಯೂ ಕೂರಬೇಕು, ಅಂಥ ಗಾಡಿ ಯಾವುದು? ನಮ್ಮ ಕಚೇರಿಯ ಮೆಟ್ಟಿಲು ಹತ್ತಿ ಕೇಳಿದವರೂ ಇದ್ದಾರೆ. ಪತ್ರಿಕೆಯವರಿಗೆ ಮೋಟಾರಿನ ಗೊಡವೆ ಏಕೆಂದು ಕೆಲವು ಮಿತ್ರರು ನಗಬಹುದು. ಬಡವನ ಐದು ವರ್ಷದ ಉಳಿತಾಯ ಒಂದೇ ದಿನ ಯಾರದೋ ಕೈಸೇರುವ ವ್ಯವಹಾರ ಇದು. ಇದರ ಗೊಡವೆ ನಮಗೆ ಬೇಡವಾದರೆ ಇನ್ನಾವುದರ ಗೊಡವೆ ಬೇಕು?

ನಮ್ಮ ಹಿರಿಯರಿಗೆ ಈ ತೊಡಕು ಇರಲಿಲ್ಲ. ಸುಗ್ಗಿಯಲ್ಲಿ ತೆನೆ ಹೊತ್ತ ಬಂಡಿಯೇ ಭರತ ಹುಣ್ಣಿಮೆ ಬಂದರೆ ತಟ್ಟಿ ಕಟ್ಟಿಸಿಕೊಂಡು, ಜಮಖಾನ ಹಾಸಿಸಿಕೊಂಡು, ಹೆಂಗಸರು ಮಕ್ಕಳನ್ನೆಲ್ಲ ಹೇರಿಕೊಂಡು ಮೈಲಾರದ ಜಾತ್ರೆಗೆ ಹೊರಡುತ್ತಿತ್ತು. ಬಂಡಿ ಒಂದು, ಎತ್ತು ಎರಡು, ಕೆಲಸ ನೂರು. ಇದು ಸರಕಿನ ಬಂಡಿಯೋ ಸವಾರಿಯ ಬಂಡಿಯೋ ಎಂದು ಯಾವ ಅಧಿಕಾರಿಯೂ ಅಡ್ಡಗಟ್ಟಿ ಕೇಳಲಿಲ್ಲ. ಇಂದಿನ ಕಾನೂನಿಗೆ ಮನುಷ್ಯ ಬೇರೆ, ಮಾಲು ಬೇರೆ. ಉಳ್ಳವನಿಗೆ ಇದರಿಂದ ಯಾವ ತೊಂದರೆಯೂ ಇಲ್ಲ. ಅವನ ಅಂಗಳದಲ್ಲಿ ಕಾರೂ ನಿಂತಿರುತ್ತದೆ, ಲಾರಿಯೂ ನಿಂತಿರುತ್ತದೆ. ಒಂದೇ ಗಾಡಿ ಕೊಳ್ಳಬಲ್ಲವನು ಮಾತ್ರ ಸಿಕ್ಕಿಬೀಳುತ್ತಾನೆ.

ಬಸ್ಸು ಇಲ್ಲವೆ ಎಂದು ಕೇಳಬಹುದು. ಇದೆ. 2023ರ ಜೂನ್ 11ರಿಂದ ಹೆಣ್ಣುಮಕ್ಕಳು ಸರಕಾರಿ ಬಸ್ಸಿನಲ್ಲಿ ಪುಕ್ಕಟೆ ಓಡಾಡುತ್ತಿದ್ದಾರೆ. ಅದನ್ನು ನಾವು ಮನಸಾರೆ ಸ್ವಾಗತಿಸಿದವರು. ಆದರೆ ಮಲ್ಲಿಗೆ ಮೊಗ್ಗು ಬಸ್ಸಿನ ವೇಳಾಪಟ್ಟಿ ಓದಿಕೊಂಡು ಬಿಡುವುದಿಲ್ಲ. ಬೆಳಕು ಹರಿಯುವ ಹೊತ್ತಿಗೆ ಬಿಡಿಸಿದ ಮೊಗ್ಗು ಅರಳುವುದರೊಳಗೆ ಪೇಟೆ ಸೇರಬೇಕು. ಬಿಸಿಲೇರಿದರೆ ಬೆಲೆ ಇಳಿಯಿತು. ವಿಜಯನಗರದ ಕಾಲದಲ್ಲಿ ಇಲ್ಲಿಂದ ತುಂಗಭದ್ರೆಯ ಮೇಲೆ ಹಡಗಿನಲ್ಲಿ ಹಂಪಿಗೆ ಹೂವು ಹೋಗುತ್ತಿತ್ತು, ಅದರಿಂದಲೇ ಊರಿಗೆ ಈ ಹೆಸರು ಎಂದು ಜನ ಹೇಳುತ್ತಾರೆ. ಇಂದು ಹಡಗಲಿ ಮಲ್ಲಿಗೆಗೆ ಭೌಗೋಳಿಕ ಗುರುತಿನ ಪತ್ರವೂ ದೊರೆತಿದೆ. ಪತ್ರ ಬಂತು, ಹಡಗು ಹೋಯಿತು, ಅದರ ಜಾಗಕ್ಕೆ ಇನ್ನೂ ಏನೂ ಬರಲಿಲ್ಲ.

ಹೀಗಿರುವಾಗ ಜನ ಹಳೆಯ ವ್ಯಾನು ಹುಡುಕಿದರೆ ಅದನ್ನು ಶೋಕಿ ಎನ್ನಲಾಗದು. ಪೇಟೆಯಲ್ಲಿ ಕಣ್ಣಿಗೆ ಬೀಳುವುದು ಮುಖ್ಯವಾಗಿ ಮೂರು: ಮಾರುತಿ ಓಮ್ನಿ, ಅದೇ ಮನೆಯ ಈಕೋ, ಮತ್ತು ಛೋಟಾ ಹಾಥಿ ಎಂದು ಹೆಸರಾದ ಟಾಟಾ ಏಸ್.

ಓಮ್ನಿ 1984ರಲ್ಲಿ ಬಂದದ್ದು. ಈ ಮಾರುತಿಯ ಕಥೆಯೇ ಒಂದು ಪಾಠ. 1971ರಲ್ಲಿ ಪ್ರಧಾನಿಯ ಮಗನ ಕಂಪನಿಯಾಗಿ ಹುಟ್ಟಿ, ಜನರಿಗೊಂದು ಕಾರು ಕೊಡದೆ ಮುಳುಗಿ, ಸರಕಾರದ ವಶಕ್ಕೆ ಬಂದು, 1981ರಲ್ಲಿ ಸಾರ್ವಜನಿಕ ಉದ್ಯಮವಾಗಿ, ಜಪಾನಿನ ಸುಜುಕಿಯ ಕೈ ಹಿಡಿದ ಮೇಲೆ ಅದು ಬದುಕಿತು. ಚೆನ್ನಾಗಿ ಲಾಭ ಬರತೊಡಗಿದ ಮೇಲೆ ಸರಕಾರ ತನ್ನ ಪಾಲನ್ನು ಮಾರಿಕೊಂಡು 2007ರಲ್ಲಿ ಕೈತೊಳೆದುಕೊಂಡಿತು. ನಷ್ಟ ಜನರದು, ಲಾಭ ಇನ್ನೊಬ್ಬರದು. ಇರಲಿ, ಗಾಡಿಯ ಮಾತಿಗೆ ಬರೋಣ. 796 ಸಿ.ಸಿ.ಯ ಸಣ್ಣ ಎಂಜಿನು, ಜಾರುವ ಬಾಗಿಲು, ಹಿಂದಿನ ಸೀಟು ಮಡಚಿದರೆ ಕೋಣೆಯಷ್ಟು ಜಾಗ, ಯಾವ ಊರಿನ ಮೆಕ್ಯಾನಿಕ್ಕನಾದರೂ ಬಿಚ್ಚಿ ಜೋಡಿಸಬಲ್ಲ ಸರಳತನ. ಸಿನಿಮಾದವರು ಅದನ್ನು ಮಕ್ಕಳನ್ನು ಕದಿಯುವ ಗಾಡಿ ಮಾಡಿಬಿಟ್ಟರು. ನಿಜ ಜೀವನದಲ್ಲಿ ಅದು ಮಕ್ಕಳನ್ನು ಶಾಲೆಗೆ ಮುಟ್ಟಿಸಿದ್ದೇ ಹೆಚ್ಚು. ಆದರೆ ಅದರ ಮುಂದೆ ಮೂತಿಯೇ ಇಲ್ಲ. ಎಂಜಿನು ಸೀಟಿನ ಕೆಳಗಿದೆ. ಚಾಲಕನ ಮೊಣಕಾಲಿಗೂ ಎದುರಿನಿಂದ ಬರುವ ಲಾರಿಗೂ ನಡುವೆ ಒಂದು ತಗಡು, ಅಷ್ಟೆ. ಹೊಸ ಸುರಕ್ಷತಾ ನಿಯಮಗಳಿಗೆ ಒಗ್ಗದೆ 2019ರಲ್ಲಿ ಅದರ ತಯಾರಿಕೆ ನಿಂತಿತು. ಅಗ್ಗಕ್ಕೆ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಹೆಂಡತಿ ಮಕ್ಕಳನ್ನು ಅದರಲ್ಲಿ ಹೆದ್ದಾರಿಗೆ ಒಯ್ಯಿರಿ ಎಂದು ನಾವು ಹೇಳಲಾರೆವು.

ಏಸ್ 2005ರಲ್ಲಿ ಬಂದಿತು. ಮುಕ್ಕಾಲು ಟನ್ನು ಹೊರುವ ಗಟ್ಟಿ ಗಾಡಿ. ಐವತ್ತು ಕಿಲೋ ಈರುಳ್ಳಿ ಚೀಲ ಹತ್ತು ಹನ್ನೆರಡು ಹೇರುವವನಿಗೆ ಇದೇ ಸರಿ. ಒಟ್ಟು ತೂಕ 3,000 ಕಿಲೋ ಮೀರದ ಸರಕು ಗಾಡಿಗೆ ಪರ್ಮಿಟ್ಟು ಬೇಡ. ಲಘು ವಾಹನದ ಲೈಸೆನ್ಸೇ ಸಾಕು, ಬೇರೆ ಬಿಲ್ಲೆ ಬೇಡ ಎಂದು ಸುಪ್ರೀಂ ಕೋರ್ಟಿನ ಐವರ ಪೀಠ 2024ರ ನವೆಂಬರಿನಲ್ಲಿ ಖಚಿತ ಮಾಡಿದೆ. ಆದರೆ ಎಂಟು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ಯೋಗ್ಯತಾ ಪತ್ರ ಮಾಡಿಸಬೇಕು. ಕೂರಲು ಚಾಲಕನ ಪಕ್ಕ ಒಬ್ಬನಿಗೆ ಮಾತ್ರ ಜಾಗ. ಉಳಿದವರು ಹಿಂದೆ ನಿಲ್ಲುತ್ತಾರೆ. ಮದುವೆಗೆ, ಜಾತ್ರೆಗೆ, ಕಳೆ ಕೀಳುವ ಕೆಲಸಕ್ಕೆ ನಮ್ಮ ಹೆಣ್ಣುಮಕ್ಕಳು ಹಾಗೆ ನಿಂತು ಹೋಗುವುದನ್ನು ದಿನವೂ ನೋಡುತ್ತೇವೆ.

ಹಾಗೆ ನಿಂತವರು ಕಾನೂನಿನ ಕಣ್ಣಿಗೆ ಯಾರು? ಈ ಸಂಗತಿಯನ್ನು ವಾಚಕರು ಗಮನವಿಟ್ಟು ಓದಬೇಕೆಂದು ನಮ್ಮ ಪ್ರಾರ್ಥನೆ. 1994ರ ತಿದ್ದುಪಡಿಯ ನಂತರ ಸರಕು ಗಾಡಿಯಲ್ಲಿ ಮಾಲಿನ ಜೊತೆ ಹೋಗುವ ಮಾಲಿನ ಒಡೆಯನಿಗೆ ಅಥವಾ ಅವನ ಪ್ರತಿನಿಧಿಗೆ ವಿಮೆಯ ರಕ್ಷಣೆ ಇದೆ. ಸುಮ್ಮನೆ ಹತ್ತಿದವರಿಗೆ ಇಲ್ಲ. ಸುಪ್ರೀಂ ಕೋರ್ಟು 2002ರ ಡಿಸೆಂಬರಿನಲ್ಲಿ ಆಶಾ ರಾಣಿ ಪ್ರಕರಣದಲ್ಲಿ ಇದನ್ನು ಸ್ಪಷ್ಟಪಡಿಸಿತು. ಅಂದರೆ ಹೂವಿನ ಬುಟ್ಟಿಯ ಪಕ್ಕ ಕೂತ ಗಂಡನಿಗೆ ವಿಮೆ ಉಂಟು. ಅದೇ ಗಾಡಿಯಲ್ಲಿ ಆಸ್ಪತ್ರೆಗೆಂದು ಹೊರಟ ಅವನ ತಾಯಿಗೆ ಇಲ್ಲ. ಗಾಡಿ ಪಲ್ಟಿ ಹೊಡೆದರೆ ವಿಮಾ ಕಂಪನಿ ಕೈಯೆತ್ತುತ್ತದೆ, ಪರಿಹಾರದ ಹೊರೆ ಒಡೆಯನ ಹೊಲದ ಮೇಲೆ ಬೀಳುತ್ತದೆ.

ಸರಿ, ಬಿಳಿ ನಂಬರಿನ ಕಾರೇ ಕೊಳ್ಳುತ್ತೇವೆ ಎಂದರೆ ಅಲ್ಲಿ ಇನ್ನೊಂದು ಗುಂಡಿ ಕಾದಿದೆ. ಖಾಸಗಿ ಕಾರಿನ ವಿಮಾ ಪತ್ರವನ್ನು ಒಮ್ಮೆ ಪೂರ್ತಿ ಓದಿ ನೋಡಿರಿ. ಬಾಡಿಗೆಗೆ ಓಡಿಸಿದರೆ, ಮಾದರಿ ಸಾಮಾನು ಮತ್ತು ಸ್ವಂತ ಗಂಟುಮೂಟೆ ಬಿಟ್ಟು ಬೇರೆ ಸರಕು ಸಾಗಿಸಿದರೆ, ಈ ಪತ್ರ ನಡೆಯದು ಎಂದು ಬರೆದಿರುತ್ತದೆ. 1988ರ ಮೋಟಾರು ವಾಹನ ಕಾಯಿದೆಯಂತೂ ಸರಕಿಗಾಗಿ ಕಟ್ಟದ ಗಾಡಿಯನ್ನು ಸರಕಿಗೆ ಬಳಸಿದರೆ ಅದೂ ಸರಕು ಗಾಡಿಯೇ ಎನ್ನುತ್ತದೆ. ಅಲ್ಲಿ ತಾಯಿಗೆ ರಕ್ಷಣೆ ಇಲ್ಲ, ಇಲ್ಲಿ ಬುಟ್ಟಿಗೆ ರಕ್ಷಣೆ ಇಲ್ಲ. ಎರಡನ್ನೂ ಒಂದೇ ಗಾಡಿಯಲ್ಲಿ ಒಯ್ಯುವ ರೈತ ಈ ಕಾಯಿದೆ ಬರೆದವರ ಕಲ್ಪನೆಗೇ ಬಂದಂತಿಲ್ಲ.

ಇಷ್ಟೆಲ್ಲ ತಿಳಿದ ಮೇಲೂ ಒಂದನ್ನು ಆರಿಸಲೇಬೇಕಾದರೆ, ಹೂವು ಬೆಳೆಯುವ ಮನೆಗೆ ಐದು ಸೀಟಿನ ಈಕೋ ವಾಸಿ ಎಂಬುದು ನಮ್ಮ ಅಭಿಪ್ರಾಯ. ಮಲ್ಲಿಗೆ ಜಾಗ ತಿನ್ನುತ್ತದೆ, ತೂಕ ತಿನ್ನುವುದಿಲ್ಲ. ಅದಕ್ಕೆ ಏಸಿನ ಬಲ ಬೇಕಿಲ್ಲ, ಬಿಸಿಲು ಗಾಳಿ ತಾಗದ ಮುಚ್ಚಿದ ಮೈ ಬೇಕು. ಈಕೋ 2010ರಲ್ಲಿ ಬಂದಿತು. ಎಂಜಿನು ಸುಮಾರು 1,200 ಸಿ.ಸಿ., ಐದು ಮಂದಿಯ ಹಿಂದೆ ಬುಟ್ಟಿಗಳಿಗೆ ಒಳ್ಳೆಯ ಜಾಗ. ಏಳು ಸೀಟಿನದಕ್ಕೆ ಆಸೆ ಬೀಳಬೇಡಿರಿ; ಹಿಂದಿನ ಸಾಲು ಸಾಮಾನಿನ ಜಾಗವನ್ನೇ ತಿಂದಿರುತ್ತದೆ, ಅದನ್ನು ಕಿತ್ತುಹಾಕುವುದಕ್ಕೆ ಸಾರಿಗೆ ಕಚೇರಿಯ ಅನುಮತಿ ಬೇಕು. ಮುಖ್ಯವಾದ ಮಾತು: 2016ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಗಾಳಿಚೀಲವಿಲ್ಲದ ಈಕೋವನ್ನು ಗುದ್ದಿಸಿ ಪರೀಕ್ಷಿಸಿದಾಗ ಅದಕ್ಕೆ ಒಂದೂ ನಕ್ಷತ್ರ ಸಿಗಲಿಲ್ಲ. 2019ರಿಂದ ಚಾಲಕನಿಗೆ, 2022ರಿಂದ ಪಕ್ಕದವರಿಗೂ ಗಾಳಿಚೀಲ ಕಡ್ಡಾಯವಾಯಿತು. ಐವತ್ತು ಸಾವಿರ ಹೆಚ್ಚಾದರೂ 2019ರ ಈಚಿನದನ್ನೇ ನೋಡಿರಿ. ಅಷ್ಟು ಹಣ ಇಲ್ಲದಿದ್ದರೆ ಇನ್ನೊಂದು ಹಂಗಾಮು ತಡೆಯಿರಿ.

ನೋಡುವುದೂ ಒಂದು ವಿದ್ಯೆ. ದಲಾಲಿ ಹೇಳಿದ ಹೊತ್ತಿಗೆ ಹೋಗಬಾರದು. ಬೆಳಿಗ್ಗೆ, ಎಂಜಿನು ತಣ್ಣಗಿರುವಾಗ, ಹೇಳದೆ ಹೋಗಬೇಕು. ಅವನು ಮೊದಲೇ ಚಾಲೂ ಮಾಡಿ ಬಿಸಿ ಮಾಡಿಟ್ಟಿದ್ದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ. ಎಣ್ಣೆಯ ಮುಚ್ಚಳದ ಒಳಗೆ ಮಜ್ಜಿಗೆಯಂಥ ಪಸೆ ಕಂಡರೆ ನೀರು ಸೇರಿದೆ, ತಿರುಗಿ ನೋಡದೆ ಮನೆಗೆ ಬನ್ನಿರಿ. ಕಾಲೊರೆಸು ಎತ್ತಿ ನೆಲದ ತಗಡು ನೋಡಿರಿ, ಬಾಗಿಲು ಜಾರುವ ಹಳಿ ನೋಡಿರಿ. ತುಕ್ಕು ಮೊದಲು ಮನೆಮಾಡುವುದು ಅಲ್ಲಿಯೇ. ಮೇಲಿನ ಹೊಸ ಬಣ್ಣಕ್ಕೆ ಮರುಳಾಗಬೇಡಿರಿ. ಸಂತೆಗೆ ಹೊರಟ ಮುದಿ ಎತ್ತಿನ ಕೊಂಬಿಗೂ ಬಣ್ಣ ಹಚ್ಚುತ್ತಾರೆ. ಒಬ್ಬರೇ ಕೂತು ಓಡಿಸಿ ನೋಡಿದರೆ ಎಲ್ಲ ಗಾಡಿಯೂ ಚೆನ್ನವೇ. ನಾಲ್ಕು ಮಂದಿ ಕೂತು, ಎರಡು ಚೀಲ ಹೇರಿಕೊಂಡು, ಏರಿನ ರಸ್ತೆಯಲ್ಲಿ ಎರಡನೆಯ ಗೇರಿನಲ್ಲಿ ಹತ್ತಿಸಿ, ಇಳಿಜಾರಿನಲ್ಲಿ ಬ್ರೇಕು ಒತ್ತಿ ನೋಡಬೇಕು. ಗ್ಯಾಸಿನ ಗಾಡಿಯಾದರೆ ಆ ಕಿಟ್ಟು ಆರ್.ಸಿ.ಯಲ್ಲಿ ನಮೂದಾಗಿದೆಯೇ ಎಂದು ಕೇಳಿರಿ. ಅಡಿಗೆ ಮನೆಯ ಸಿಲಿಂಡರು ಕಟ್ಟಿ ಓಡಿಸಿದ ಓಮ್ನಿಗಳನ್ನು ನಾವೇ ಕಂಡಿದ್ದೇವೆ. ಅದು ಅಪರಾಧವೂ ಹೌದು, ಮಕ್ಕಳನ್ನು ಬೆಂಕಿಯ ಮೇಲೆ ಕೂರಿಸಿದಂತೆಯೂ ಹೌದು.

ಇನ್ನು ಕಾಗದ. ನಮ್ಮ ಬಳಗದ ಸಂಗಾತಿಯೊಬ್ಬರು ಕೆಲವು ವರ್ಷಗಳ ಕೆಳಗೆ ತಮ್ಮ ಓಮ್ನಿಯನ್ನು ಬಾಯಿಮಾತಿನಲ್ಲಿ ಮಾರಿದರು. ಕೊಂಡವನು ಇನ್ನೊಬ್ಬನಿಗೆ ಕೊಟ್ಟ, ಅವನು ಮತ್ತೊಬ್ಬನಿಗೆ. ಗಾಡಿ ಎಲ್ಲಿಯೋ ಗುದ್ದಿತು, ನೋಟೀಸು ಬಂದದ್ದು ನಮ್ಮ ಸಂಗಾತಿಗೆ. ತಾವು ಎಂದೋ ಮಾರಿದ ಗಾಡಿ ಎಂದು ಅವರು ಕಚೇರಿ ಕಚೇರಿ ಅಲೆದರು. ಕಾನೂನು ಅವರ ಕಡೆ ಇರಲಿಲ್ಲ: ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಒಡೆಯ, ಪರಿಹಾರಕ್ಕೆ ಅವನೇ ಹೊಣೆ ಎಂದು ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ಹೇಳಿದೆ. ಆದ್ದರಿಂದ ಫಾರಂ 29 ಮತ್ತು 30 ಸಹಿಯಾಗದೆ ಹಣ ಎಣಿಸಬೇಡಿರಿ. ಮಾರಿದವನು 14 ದಿನದಲ್ಲಿ, ಕೊಂಡವನು 30 ದಿನದಲ್ಲಿ ಸಾರಿಗೆ ಕಚೇರಿಗೆ ತಿಳಿಸಬೇಕು. ಸಾಲದ ಗಾಡಿಯಾದರೆ ಫಾರಂ 35 ಮತ್ತು ಸಾಲ ಕೊಟ್ಟವರ ಬೇಬಾಕಿ ಪತ್ರ ಬೇಕು. ನಂಬರು ಹೊಡೆದರೆ ವಿಮೆ, ಸಾಲ, ವಾಯಿದೆ ಎಲ್ಲ ಎಂಪರಿವಾಹನ್‌ನಲ್ಲಿ ಕಾಣುತ್ತದೆ; ಮನೆಯ ಹುಡುಗಿಯ ಕೈಯಲ್ಲಿ ಮೊಬೈಲು ಕೊಟ್ಟರೆ ಐದು ನಿಮಿಷದ ಕೆಲಸ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 2022ರ ಏಪ್ರಿಲಿನಲ್ಲಿ 5,000 ರೂಪಾಯಿ ಶುಲ್ಕ ನಿಗದಿಯಾಯಿತು ಎಂಬುದೂ ಲೆಕ್ಕದಲ್ಲಿರಲಿ.

ಕಂತು ತಪ್ಪಿದವನಿಂದ ಜಪ್ತಿ ಮಾಡಿದ ಗಾಡಿಗಳು ಅಗ್ಗಕ್ಕೆ ಸಿಗುತ್ತವೆ ಎಂದು ಕೆಲವರು ಆಸೆ ತೋರಿಸುತ್ತಾರೆ. ಕೊಳ್ಳುವುದು ತಪ್ಪು ಎಂದು ನಾವು ಹೇಳೆವು. ಮಳೆ ಕೈಕೊಟ್ಟ ವರ್ಷ ಒಬ್ಬ ರೈತನ ಅಂಗಳದಿಂದ ಎಳೆದೊಯ್ದದ್ದು ಅದು, ಅದೇ ಬಡ್ಡಿಯ ಬಲೆಯಲ್ಲಿ ಇನ್ನೊಬ್ಬ ರೈತನ ಅಂಗಳಕ್ಕೆ ಬರುತ್ತಿದೆ ಎಂಬುದನ್ನು ಮರೆಯದಿದ್ದರೆ ಸಾಕು.

ವಿಮೆಯಲ್ಲಿ ಮಾತ್ರ ಕೈಬಿಗಿ ಹಿಡಿಯಬೇಡಿರಿ. ಹಳೆಯ ಗಾಡಿಗೆ ಥರ್ಡ್ ಪಾರ್ಟಿ ಸಾಕು ಎಂದು ದಲಾಲಿ ಹೇಳುತ್ತಾನೆ. ಅದು ಎದುರಿನವನಿಗೆ ರಕ್ಷಣೆ, ಒಳಗೆ ಕೂತ ನಿಮ್ಮ ಮನೆಮಂದಿಗೆ ಅಲ್ಲ. ಪ್ಯಾಕೇಜ್ ವಿಮೆ ಇದ್ದರೆ ಕಾರಿನೊಳಗಿನವರಿಗೂ ರಕ್ಷಣೆ ಇದೆಯೆಂದು ಸುಪ್ರೀಂ ಕೋರ್ಟು 2012ರ ಬಾಲಕೃಷ್ಣನ್ ಪ್ರಕರಣದಲ್ಲಿ ತೀರ್ಮಾನಿಸಿದೆ. ಎರಡು ಮೂಟೆ ಈರುಳ್ಳಿಯ ಬೆಲೆ ಉಳಿಸಲು ಹೋಗಿ ಈ ಬಾಗಿಲು ಮುಚ್ಚಿಕೊಳ್ಳುವುದು ಜಾಣತನವಲ್ಲ.

ಸರಕಾರಕ್ಕೆ ನಮ್ಮ ಮಾತು ಎರಡೇ. ರೈತನ ಒಂದೇ ಗಾಡಿ ತನ್ನ ಬೆಳೆಯನ್ನೂ ತನ್ನ ಮನೆಯವರನ್ನೂ ಹೊರುವಂತೆ ಒಂದು ವರ್ಗವನ್ನು ಕಾಯಿದೆಯಲ್ಲಿ ಸೇರಿಸಿ, ಎರಡಕ್ಕೂ ನಡೆಯುವ ಒಂದೇ ವಿಮೆ ಮಾಡಲಿ. ಕಾಯಿದೆ ದಿಲ್ಲಿಯದು ಎಂದು ಬೆಂಗಳೂರು, ಬೇಡಿಕೆಯೇ ಬಂದಿಲ್ಲ ಎಂದು ದಿಲ್ಲಿ, ಒಬ್ಬರ ಮೇಲೊಬ್ಬರು ಹಾಕಿ ಕೂರುವುದು ಬೇಡ. ಎರಡನೆಯದು ಇಲ್ಲಿಯೇ ಆಗುವ ಕೆಲಸ. 2021ರಲ್ಲಿ ಸಾರಿಗೆ ನಿಗಮಗಳು 'ನಮ್ಮ ಕಾರ್ಗೋ' ಎಂದು ಸರಕು ಸೇವೆ ಆರಂಭಿಸಿದವು. ಅದರ ಒಂದು ಗಾಡಿ ಹೂವಿನ ಹಂಗಾಮಿನಲ್ಲಿ ಬೆಳಗಿನ ಜಾವ ಹಡಗಲಿಯ ಸುತ್ತಣ ಹಳ್ಳಿಗಳನ್ನು ಸುತ್ತಿ ಬುಟ್ಟಿಗಳನ್ನು ಎತ್ತಿಕೊಂಡು ಹೊಸಪೇಟೆಗೂ ದಾವಣಗೆರೆಗೂ ಮುಟ್ಟಿಸಲಿ. ಬುಟ್ಟಿಗೆ ಇಷ್ಟು ಎಂದು ದರ ಕಟ್ಟಲಿ, ಬೆಳೆಗಾರರು ಸಂತೋಷದಿಂದ ಕೊಡುತ್ತಾರೆ. ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ ಹೊಸಪೇಟೆ ವಿಭಾಗದವರು ಮುಂದಿನ ಹಂಗಾಮಿನೊಳಗೆ ಒಂದು ತಿಂಗಳ ಮಟ್ಟಿಗಾದರೂ ಇದನ್ನು ಮಾಡಿ ನೋಡಲಿ. ಯಾವ ಹಳ್ಳಿಯಿಂದ ಎಷ್ಟು ಬುಟ್ಟಿ, ಎಷ್ಟು ಹೊತ್ತಿಗೆ ಎಂಬ ಲೆಕ್ಕವನ್ನು ಬೆಳೆಗಾರರು ನಮಗೆ ಬರೆದು ಕಳಿಸಿದರೆ, ಅದನ್ನು ವಿಭಾಗದ ಅಧಿಕಾರಿಗಳ ಮೇಜಿಗೆ ಮುಟ್ಟಿಸುವ ಕೆಲಸ ನಮ್ಮದು.