ವೀಸಾ ಅಧಿಕಾರಿ ಹೇಳುವ ಮೊದಲು ನಾವೇ ಹೇಳೋಣ

ವರ ವಿದೇಶದಲ್ಲಿದ್ದಾನೆ ಎಂಬ ಒಂದೇ ಮಾತು ಇಂದು ನಮ್ಮ ಸಮುದಾಯದಲ್ಲಿ ಉಳಿದೆಲ್ಲ ಪ್ರಶ್ನೆಗಳ ಬಾಯಿ ಮುಚ್ಚಿಸುತ್ತಿದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದಂತಹ ಪಟ್ಟಣಗಳಲ್ಲಿ ಹೆಣ್ಣು ಕೊಡುವಾಗ ಹುಡುಗನ ಸಂಬಳವೆಷ್ಟು, ಅಲ್ಲಿ ಮನೆಯಿದೆಯೇ, ವೀಸಾ ಯಾವಾಗ ಬರುತ್ತದೆ ಎಂದೆಲ್ಲ ಕೇಳುವ ಹಿರಿಯರು, ಅವನ ಮೇಲೆ ಎಲ್ಲಾದರೂ ಕೇಸು ಇದೆಯೇ, ಶಿಕ್ಷೆಯಾಗಿದೆಯೇ ಎಂದು ಕೇಳಲು ಮಾತ್ರ ಹಿಂಜರಿಯುತ್ತಾರೆ. ಕೇಳಿದರೆ ಸಂಬಂಧ ಮುರಿದೀತೆಂಬ ಭಯ. ನಿಕಾಹ್ ಆಗುತ್ತದೆ, ವರ ಮರಳಿ ಹೋಗುತ್ತಾನೆ, ವಧು ತವರಿನಲ್ಲಿ ಕುಳಿತು ಕಾಯುತ್ತಾಳೆ. ಹಿರಿಯರು ಕೇಳದೆ ಬಿಟ್ಟ ಪ್ರಶ್ನೆಯನ್ನು ಆಗ ವೀಸಾ ಅಧಿಕಾರಿ ಕೇಳುತ್ತಾನೆ.

ಕೊಲ್ಲಿ ರಾಷ್ಟ್ರಗಳಲ್ಲಿ ಕುಟುಂಬವನ್ನು ಕರೆಸಿಕೊಳ್ಳಲು ಮೊದಲು ನೋಡುವುದು ಸಂಬಳವನ್ನು. ಯುಎಇಯಲ್ಲಿ 4,000 ದಿರ್ಹಮ್, ಅಥವಾ ವಸತಿಯೊಂದಿಗೆ 3,000 ದಿರ್ಹಮ್ ಬೇಕು. ಆದರೆ ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳ ಲೆಕ್ಕವೇ ಬೇರೆ. ಕೆನಡಾದಲ್ಲಿ ಲೈಂಗಿಕ ಅಪರಾಧಕ್ಕಾಗಲಿ, ಕುಟುಂಬದವರ ಮೇಲೆ ಕೈಮಾಡಿ ಗಾಯಗೊಳಿಸಿದ್ದಕ್ಕಾಗಲಿ ಶಿಕ್ಷೆಗೊಳಗಾದವನು, ಆ ಶಿಕ್ಷೆ ಮುಗಿದು 5 ವರ್ಷ ಕಳೆಯುವವರೆಗೆ ಸಾಮಾನ್ಯವಾಗಿ ಪತ್ನಿಯನ್ನು ಪ್ರಾಯೋಜಿಸುವಂತಿಲ್ಲ. ಅಮೆರಿಕದ 2006ರ ಆಡಮ್ ವಾಲ್ಶ್ ಕಾಯ್ದೆಯು, ಮಕ್ಕಳ ವಿರುದ್ಧದ ನಿರ್ದಿಷ್ಟ ಅಪರಾಧಗಳಲ್ಲಿ ಶಿಕ್ಷೆಗೊಳಗಾದ ಪ್ರಜೆಗೆ, ತನ್ನಿಂದ ಪತ್ನಿಗೆ ಅಪಾಯವಿಲ್ಲವೆಂದು ಸರ್ಕಾರಕ್ಕೆ ಮನವರಿಕೆ ಮಾಡಿಕೊಡದ ಹೊರತು ಆ ಹಕ್ಕನ್ನು ನಿರಾಕರಿಸುತ್ತದೆ. ಆಸ್ಟ್ರೇಲಿಯಾದಲ್ಲಿ 2016ರ ನವೆಂಬರ್‌ನಿಂದ ಪ್ರಾಯೋಜಕನೂ ಪೊಲೀಸ್ ಪ್ರಮಾಣಪತ್ರ ನೀಡಬೇಕು. ಅಷ್ಟೇ ಅಲ್ಲ, ತನ್ನ ಗಂಭೀರ ಅಪರಾಧಗಳ ವಿವರವನ್ನು ಸರ್ಕಾರವು ಸಂಗಾತಿಗೆ ತಿಳಿಸಲು ಅವನು ಒಪ್ಪಿಗೆಯನ್ನೂ ಕೊಡಬೇಕು. ನಿಶ್ಚಿತಾರ್ಥವಾದವರ ವೀಸಾದ ವಿಷಯದಲ್ಲಿ ಅಮೆರಿಕದ ಅಧಿಕಾರಿಯೂ ವರನ ಅಪರಾಧದ ಹಿನ್ನೆಲೆಯನ್ನು ವಧುವಿನ ಮುಂದಿಡುತ್ತಾನೆ.

ಇದನ್ನೆಲ್ಲ ಮುಸ್ಲಿಮರ ವಿರುದ್ಧದ ಸಂಚೆಂದು ಬಗೆಯುವವರು ನಮ್ಮಲ್ಲಿದ್ದಾರೆ. ನಾವು ಅದನ್ನು ಒಪ್ಪುವುದಿಲ್ಲ. ಈ ನಿಯಮಗಳು ಎಲ್ಲ ಧರ್ಮದವರಿಗೂ ಒಂದೇ. ಭಾಷೆ ಬಾರದ, ಬಂಧುಗಳಿಲ್ಲದ ನಾಡಿಗೆ ಹೋಗಿ ಒಬ್ಬನನ್ನೇ ನಂಬಿ ಬದುಕಬೇಕಾದ ಹೆಣ್ಣಿನ ರಕ್ಷಣೆಗಾಗಿ ಇವೆ. ನಾಚಿಕೆಪಡಬೇಕಾದುದು ಬೇರೆಯೇ ಇದೆ. ಹೆತ್ತವರೂ ಮಧ್ಯಸ್ಥಿಕೆಗಾರರೂ ಮುಚ್ಚಿಟ್ಟ ಸತ್ಯವನ್ನು ನಮ್ಮ ಮಗಳಿಗೆ ಪರದೇಶದ ಸರ್ಕಾರ ಹೇಳಬೇಕಾಗಿ ಬಂದಿದೆ!

ಸಂಬಂಧದ ವಿಷಯದಲ್ಲಿ ಒಬ್ಬರ ದೋಷ ಹೇಳುವುದು ಗೀಬತ್ ಆಗುತ್ತದಲ್ಲವೇ ಎಂದು ಕೆಲವು ಹಿರಿಯರು ಕೇಳುತ್ತಾರೆ. ಫಾತಿಮಾ ಬಿಂತಿ ಕೈಸ್(ರ)ರ ಪ್ರಸಂಗ ಅವರಿಗೆ ತಿಳಿಯದ್ದೇನಲ್ಲ. ಇಬ್ಬರಿಂದ ಮದುವೆಯ ಪ್ರಸ್ತಾಪ ಬಂದಾಗ ಅವರು ಪ್ರವಾದಿವರ್ಯರ(ಸ) ಸಲಹೆ ಕೇಳಿದರು. ಒಬ್ಬರು ಹೆಗಲಿನಿಂದ ಕೋಲು ಇಳಿಸದವರು, ಇನ್ನೊಬ್ಬರು ಬಡವರು ಎಂದು ಪ್ರವಾದಿವರ್ಯರು(ಸ) ನೇರವಾಗಿ ತಿಳಿಸಿ, ಉಸಾಮಾ(ರ)ರನ್ನು ವಿವಾಹವಾಗಲು ಸೂಚಿಸಿದರು. ಇದು ಸಹೀಹ್ ಮುಸ್ಲಿಮ್‌ನಲ್ಲಿದೆ. ಸಂಗಾತಿಯನ್ನು ಆರಿಸಿಕೊಳ್ಳುವವಳಿಗೆ ಸತ್ಯ ತಿಳಿಯುವ ಹಕ್ಕಿದೆ ಎಂಬುದಕ್ಕೆ ಇನ್ನೇನು ಆಧಾರ ಬೇಕು?

ಇನ್ನು ನಮ್ಮ ಊರುಗಳ ಯುವಕರ ವಿಷಯ. ವಿದೇಶದ ಪೌರತ್ವವುಳ್ಳ ಹುಡುಗಿಯೊಂದಿಗೆ ನಿಕಾಹ್ ಆಗಿ ಅವಳೇ ಪತಿಯನ್ನು ಕರೆಸಿಕೊಳ್ಳಬೇಕಾದಾಗ ಇವನ ಹಿನ್ನೆಲೆ ಪ್ರಶ್ನೆಯಾಗುತ್ತದೆ. ಅಂದರ್ ಬಾಹರ್ ಆಡುವಾಗ ಸಿಕ್ಕಿಬಿದ್ದದ್ದು, ಮಟಕಾ ಚೀಟಿ, ಉರುಸಿನಲ್ಲಿ ನಡೆದ ಹೊಡೆದಾಟ, ಪ್ರತಿಭಟನೆಯಲ್ಲಿ ಬಿದ್ದ ಎಫ್‌ಐಆರ್, ಹೆಚ್ಚಾಗಿ ಇಂಥವೇ. ಇಲ್ಲಿ ನಮ್ಮವರು ಹೆದರಬಾರದ್ದಕ್ಕೆ ಹೆದರಿ, ಹೆದರಬೇಕಾದ್ದನ್ನು ಕಡೆಗಣಿಸುತ್ತಾರೆ. 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಹಳೆಯ ಶಿಕ್ಷೆಯೊಂದು ಅಡ್ಡಿಯಾಗುವುದು, ಅದು ಕಳೆದ 5 ವರ್ಷಗಳೊಳಗಿನದಾಗಿದ್ದು, ನೈತಿಕ ಅಧಃಪತನದ ಅಪರಾಧಕ್ಕೆ ಕನಿಷ್ಠ 2 ವರ್ಷದ ಸೆರೆವಾಸ ವಿಧಿಸಿದ್ದರೆ ಮಾತ್ರ. ಇಸ್ಪೀಟು ಕೇಸಿನಲ್ಲಿ ದಂಡ ಕಟ್ಟಿದವನಿಗೆ ಇದು ಅನ್ವಯಿಸದು. ಕೇವಲ ಎಫ್‌ಐಆರ್ ಇದ್ದು ನ್ಯಾಯಾಲಯವಿನ್ನೂ ಪ್ರಕರಣವನ್ನು ವಿಚಾರಣೆಗೆ ಅಂಗೀಕರಿಸದಿದ್ದರೆ ಅದೂ ಅಡ್ಡಿಯಲ್ಲವೆಂದು ವಿದೇಶಾಂಗ ಸಚಿವಾಲಯವೇ 2019ರ ಅಕ್ಟೋಬರ್‌ನಲ್ಲಿ ಸ್ಪಷ್ಟಪಡಿಸಿದೆ. ನಿಜವಾಗಿ ಅಡ್ಡಬರುವುದು ನ್ಯಾಯಾಲಯದಲ್ಲಿ ಕೊಳೆಯುತ್ತಿರುವ ಪ್ರಕರಣ. ಅದಕ್ಕೂ ದಾರಿಯಿದೆ. 1993ರ ಅಧಿಸೂಚನೆಯಂತೆ, ವಿಚಾರಣೆ ನಡೆಸುತ್ತಿರುವ ನ್ಯಾಯಾಲಯ ವಿದೇಶ ಪ್ರಯಾಣಕ್ಕೆ ಅನುಮತಿಸಿದರೆ ಪಾಸ್‌ಪೋರ್ಟ್ ದೊರೆಯುತ್ತದೆ. ಅವಧಿ ನಮೂದಿಸದಿದ್ದರೆ ಒಂದು ವರ್ಷದ ಮಟ್ಟಿಗೆ.

ಆದರೆ ಏಜೆಂಟನ ಮಾತು ಕೇಳಿ ಅರ್ಜಿಯಲ್ಲಿ 'ಇಲ್ಲ' ಎಂದು ಬರೆದವನ ಗತಿಯೇನು? ಪಾಸ್‌ಪೋರ್ಟ್ ಅರ್ಜಿಯಲ್ಲಿ ಸತ್ಯ ಮರೆಮಾಚುವುದಕ್ಕೆ 2 ವರ್ಷದವರೆಗೆ ಸೆರೆವಾಸವಿದೆ, ಪಡೆದ ಪಾಸ್‌ಪೋರ್ಟೂ ಕೈತಪ್ಪಬಹುದು. ವೀಸಾ ಅರ್ಜಿಯಲ್ಲಿ ಸುಳ್ಳು ಹೇಳಿ ಸಿಕ್ಕಿಬಿದ್ದರೆ ಕೆನಡಾದ ಬಾಗಿಲು 5 ವರ್ಷ ಮುಚ್ಚುತ್ತದೆ. ಅಮೆರಿಕದ್ದು, ವಿಶೇಷ ವಿನಾಯಿತಿ ಸಿಗದಿದ್ದರೆ, ಜೀವನಪರ್ಯಂತ. ಅಮೆರಿಕದ ಅರ್ಜಿಯು ಶಿಕ್ಷೆಯನ್ನಷ್ಟೇ ಅಲ್ಲ, ಬಂಧನವನ್ನೂ ಕೇಳುತ್ತದೆ. ಹೇಳಿದ್ದರೆ ಬಹುಶಃ ದಾಟಿಹೋಗುತ್ತಿದ್ದ ಇನ್ನೂರು ರೂಪಾಯಿ ದಂಡದ ಕೇಸು, ಮುಚ್ಚಿಟ್ಟದ್ದರಿಂದ ಒಂದು ದಾಂಪತ್ಯವನ್ನೇ ಎರಡು ಖಂಡಗಳಲ್ಲಿ ಸೀಳಿಬಿಡಬಹುದು.

ಸರ್ಕಾರ ಕೇಸು ಹಿಂಪಡೆಯುತ್ತದೆ ಎಂಬ ಭರವಸೆಯಲ್ಲಿ ಕುಳಿತವರಿಗೂ ಒಂದು ಮಾತು ಹೇಳಬೇಕಾಗಿದೆ. 2022ರ ಏಪ್ರಿಲ್‌ನ ಹಳೇ ಹುಬ್ಬಳ್ಳಿ ಗಲಭೆಯೂ ಸೇರಿದಂತೆ 43 ಪ್ರಕರಣಗಳನ್ನು ಹಿಂಪಡೆಯಲು ರಾಜ್ಯ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಆದೇಶಿಸಿತು. ಒಂದು ಪಕ್ಷಕ್ಕೆ ಅದು ಉಪಕಾರವಾಯಿತು, ಇನ್ನೊಂದಕ್ಕೆ ಓಲೈಕೆಯ ಕೂಗು. 2025ರ ಮೇ ತಿಂಗಳಲ್ಲಿ ಹೈಕೋರ್ಟ್ ಆ ಆದೇಶವನ್ನೇ ರದ್ದುಪಡಿಸಿತು. ಇಬ್ಬರ ರಾಜಕೀಯದ ನಡುವೆ ನಿರಪರಾಧಿ ಯುವಕನೊಬ್ಬನಿದ್ದರೆ ಅವನ ದಿನಾಂಕ ಮಾತ್ರ ಮುಂದೂಡಲ್ಪಟ್ಟಿತು. ನಾವು ಬೇಡಬೇಕಾದುದು ತ್ವರಿತ ವಿಚಾರಣೆ. ತಪ್ಪಿತಸ್ಥನಿಗೆ ಶಿಕ್ಷೆಯಾಗಲಿ, ತಪ್ಪು ಮಾಡದವನಿಗೆ ಬಿಡುಗಡೆಯ ಕಾಗದ ಸಿಗಲಿ.

ಈ ನಾಲ್ಕು ಪಟ್ಟಣಗಳ ಅಂಜುಮನ್‌ಗಳು ನಿಕಾಹ್‌ಗೆ ಮುಂಚೆ ವರನಿಂದ ಕೇಸುಗಳ ಬಗ್ಗೆ ಲಿಖಿತ ಹೇಳಿಕೆ ಪಡೆಯಲಿ, ವಿದೇಶದಲ್ಲಿರುವವನಾದರೆ ಅಲ್ಲಿಯ ಪೊಲೀಸ್ ಪ್ರಮಾಣಪತ್ರವನ್ನೂ ಕೇಳಲಿ. ಮೊದಲ ಪತ್ನಿ ಹೂಡಿದ ದಾವೆಗಳನ್ನೂ ಇದರಲ್ಲಿ ಬಿಡಬಾರದು. ರಾಜಿಯಾಗಬಲ್ಲ ಪ್ರಕರಣಗಳನ್ನು ತಾಲೂಕು ಲೋಕ ಅದಾಲತ್‌ಗೆ ಒಯ್ಯಲು ಸಮುದಾಯದ ವಕೀಲರು ಯುವಕರಿಗೆ ನೆರವಾಗಲಿ. ಖುಲಾಸೆಯಾದವರಂತೂ ತೀರ್ಪಿನ ದೃಢೀಕೃತ ಪ್ರತಿಯನ್ನು ಈಗಲೇ ತೆಗೆದಿಟ್ಟುಕೊಳ್ಳಬೇಕು. ನ್ಯಾಯಾಲಯಗಳಲ್ಲಿ ಹಳೆಯ ಕಡತಗಳನ್ನು ನಿಗದಿತ ವರ್ಷಗಳ ನಂತರ ನಾಶಪಡಿಸಲಾಗುತ್ತದೆ. ವೀಸಾ ಅಧಿಕಾರಿ ಆ ಕಾಗದವನ್ನು ಕೇಳುವುದು ಸಾಮಾನ್ಯವಾಗಿ ಅದಾದ ಮೇಲೆಯೇ.